ಡೈಚಿ ಸುಜುಕಿ: ಜಪಾನಿನ ಬ್ಯಾಕ್‌ಸ್ಟ್ರೋಕ್ ಈಜುಗಾರನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ವೀಕೆಂಡ್ ಬ್ಯಾಚ್ ಮಕ್ಕಳಿಗೆ ಬ್ಯಾಕ್‌ಸ್ಟ್ರೋಕ್ ಹೇಳ್ಕೊಡ್ತೀನಿ. ಮಾತಿನ ಮಧ್ಯೆ ಎಲ್ಲೋ ಒಂದ್ಸಲ ಡೈಚಿ ಸುಜುಕಿ ಹೆಸರು ಬಂದೇ ಬರತ್ತೆ, ಆಮೇಲೆ ಮಕ್ಕಳು, ಅವರ ಅಪ್ಪ ಅಮ್ಮಂದ್ರು, ಪತ್ರ ಬರೆಯೋರು, ಮೆಸೇಜ್ ಹಾಕೋರು ಎಲ್ಲರೂ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳ್ತಾರೆ. ಅವನ್ನೆಲ್ಲ ಒಂದು ಕಡೆ ಹಾಕಿದೀನಿ. ಸುಲಭದ್ದು ಮೊದಲು, ಸ್ವಲ್ಪ ಒಳಗಿಳಿದು ಮಾತಾಡ್ಬೇಕಾದ್ದು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಈ ಸುಜುಕಿ ಯಾರು ಸಾರ್, ಕಾರ್ ಕಂಪನಿ ಮನೆಯವರಾ?

ಅಲ್ಲ. ಸುಜುಕಿ ಅನ್ನೋದು ಜಪಾನಲ್ಲಿ ತುಂಬಾ ಸಾಮಾನ್ಯವಾದ ಮನೆತನದ ಹೆಸರು, ನಮ್ಮಲ್ಲಿ ಗೌಡ, ಪಾಟೀಲ್ ಇದ್ದಹಾಗೆ. ಅವರ ಕೋಚ್ ಹೆಸರೂ ಸುಜುಕಿನೇ, ಯೋಜಿ ಸುಜುಕಿ, ಅವರಿಬ್ಬರೂ ಸಂಬಂಧಿಕರಲ್ಲ. ಡೈಚಿ ಅಂದ್ರೆ ಜಪಾನಿ ಭಾಷೇಲಿ ಭೂಮಿ, ವಿಶಾಲವಾದ ನೆಲ ಅಂತ ಅರ್ಥ. ಹುಟ್ಟಿದ್ದು 1967ರ ಮಾರ್ಚ್ 10ಕ್ಕೆ, ಊರು ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ನರಾಶಿನೊ. 1988ರ ಸಿಯೋಲ್ ಒಲಿಂಪಿಕ್ಸಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದೋರು. ಆಗ ಅವರಿಗೆ 21 ವರ್ಷ.

ಬ್ಯಾಕ್‌ಸ್ಟ್ರೋಕ್ ಅಂದ್ರೆ ನಾವು ಕೆರೇಲಿ ಅಂಗಾತ ಮಲ್ಕೊಂಡು ತೇಲ್ತಿದ್ವಲ್ಲ, ಅದೇನಾ?

ಮಲಗೋ ರೀತಿ ಅದೇ, ಆದ್ರೆ ಕೆಲಸ ಬೇರೆ. ತೇಲೋವಾಗ ಮೈ ಸಡಿಲ ಬಿಡ್ತೀವಿ, ರೇಸಲ್ಲಿ ಸೊಂಟ ನೀರಿನ ಮೇಲ್ಮೈಗೆ ಹತ್ರ ಇರ್ಬೇಕು, ಒಂದಾದ್ಮೇಲೊಂದು ಕೈ ತಲೆ ಹಿಂದಕ್ಕೆ ಹೋಗಿ ನೀರನ್ನ ಹಿಡಿದು ತೊಡೆ ತನಕ ಎಳೀಬೇಕು, ಕಾಲು ನಿಲ್ಲಿಸೋಹಾಗೇ ಇಲ್ಲ. ಬೇರೆ ಮೂರು ಸ್ಟ್ರೋಕಿಗೆ ಮೇಲಿಂದ ಡೈವ್ ಹೊಡೀತಾರೆ, ಇದೊಂದಕ್ಕೆ ಮಾತ್ರ ನೀರೊಳಗೇ ಇದ್ದು ಹಿಡಿಕೆ ಹಿಡ್ಕೊಂಡು ಗೋಡೆ ಒದ್ದು ಹಿಂದಕ್ಕೆ ಹಾರ್ಬೇಕು.

ಇನ್ನೊಂದು ದೊಡ್ಡ ವ್ಯತ್ಯಾಸ, ಇದರಲ್ಲಿ ಹೋಗ್ತಿರೋ ದಿಕ್ಕು ಕಾಣೋದೇ ಇಲ್ಲ. ಗೋಡೆಗೆ 5 ಮೀಟರ್ ಇರೋವಾಗ ತಲೆ ಮೇಲೆ ಬಣ್ಣದ ಬಾವುಟದ ಸಾಲು ಬರತ್ತೆ, ಅಲ್ಲಿಂದ ಕೈ ಎಣಿಸ್ಕೊಂಡು ಗೋಡೆ ಮುಟ್ಟೋದು. ನಮ್ಮ ಪೂಲಲ್ಲಿ ಹೊಸ ಮಕ್ಕಳು ಬಾವುಟ ದಾಟಿದ ತಕ್ಷಣ ಹೆದರಿ ಕತ್ತು ತಿರುಗಿಸಿ ನೋಡ್ತಾರೆ, ನೋಡಿದ ತಕ್ಷಣ ಸೊಂಟ ಮುಳುಗತ್ತೆ, ಸ್ಪೀಡ್ ಸತ್ತೋಗತ್ತೆ. ಎಣಿಕೆನ ನಂಬೋದು ಕಲಿಯೋಕೇ ತಿಂಗಳುಗಟ್ಟಲೆ ಬೇಕು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಸುಜುಕಿ ಗೆದ್ದಿದ್ದೂ ಒಂದು ಎಣಿಕೆ ಬದಲಾಯ್ಸಿನೇ.

ಒಲಿಂಪಿಕ್ಸಲ್ಲಿ ಒಂದೇ ಒಂದು ಮೆಡಲ್ ಅಂತೆ, ಅಷ್ಟಕ್ಕೇ ಇಷ್ಟು ಹೆಸರಾ?

ಹೌದು, ಒಂದೇ ಮೆಡಲ್. ಅದಕ್ಕಿಂತ ಮುಂಚೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಹೋಗಿದ್ರು, ಆಗಿನ್ನೂ 17 ವರ್ಷ, ಹೈಸ್ಕೂಲ್ ಹುಡುಗ, ಮೆಡಲ್ ಸಿಗ್ಲಿಲ್ಲ. 1986ರ ಏಷ್ಯನ್ ಗೇಮ್ಸಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಬಂತು, ಅದೂ ಸಿಯೋಲಲ್ಲೇ ನಡೆದಿದ್ದು. ನಮ್ಮ ಖಜಾನ್ ಸಿಂಗ್ 200 ಮೀಟರ್ ಬಟರ್‌ಫ್ಲೈ ಬೆಳ್ಳಿ ಗೆದ್ದ ಏಷ್ಯನ್ ಗೇಮ್ಸ್ ಅದು. ಎರಡು ವರ್ಷ ಆದ್ಮೇಲೆ ಅದೇ ಊರಲ್ಲಿ ಒಲಿಂಪಿಕ್ ಚಿನ್ನ.

ಮೆಡಲ್ ಲೆಕ್ಕ ಹಾಕಿ ಈಜುಗಾರರನ್ನ ಅಳೆಯೋದು ನನಗೆ ಇಷ್ಟ ಇಲ್ಲ. ಕೆಲವರು ಹತ್ತು ರೇಸ್ ಗೆಲ್ತಾರೆ, ಅದರಲ್ಲಿ ಒಂದೂ ನೆನಪಿರಲ್ಲ. ಇವರ ಒಂದು ರೇಸ್ ಬಗ್ಗೆ ಮೂವತ್ತೈದು ವರ್ಷ ದಾಟಿದ್ರೂ ನಾವು ಮಾತಾಡ್ತಾನೇ ಇದೀವಿ.

ಯಾರು ಬೆಳೆಸಿದ್ದು ಇವರನ್ನ? ಜಪಾನಲ್ಲಿ ಎಲ್ಲ ಸ್ಕೂಲಲ್ಲೇ ಈಜು ಕಲಿಸ್ತಾರಂತಲ್ಲ

ಸ್ಕೂಲಲ್ಲಿ ಕಲಿಸೋದು ನಿಜ. 1955ರಲ್ಲಿ ಶಿಉನ್ ಮಾರು ಅನ್ನೋ ಹಡಗು ಮುಳುಗಿ 168 ಜನ ಸತ್ರು, ಅದರಲ್ಲಿ ತುಂಬಾ ಜನ ಸ್ಕೂಲ್ ಟ್ರಿಪ್ಪಿಗೆ ಹೊರಟಿದ್ದ ಮಕ್ಕಳು. ಆ ದುಃಖದಿಂದಾನೇ ಊರೂರಿನ ಸ್ಕೂಲಲ್ಲಿ ಪೂಲ್ ಕಟ್ಟೋ ಕೆಲಸಕ್ಕೆ ಜೋರು ಬಂತು. ಆದ್ರೆ ಅದು ಮಕ್ಕಳು ಮುಳುಗಬಾರದು ಅಂತ ಕಲಿಸೋ ಈಜು, ರೇಸ್ ಈಜಲ್ಲ.

ರೇಸ್ ಈಜುಗಾರರು ಬಂದಿದ್ದು ಕ್ಲಬ್‌ಗಳಿಂದ. 1964ರಲ್ಲಿ ಟೋಕಿಯೊದಲ್ಲಿ, ತಮ್ಮ ಮನೆ ಅಂಗಳದಲ್ಲೇ ಒಲಿಂಪಿಕ್ಸ್ ನಡೆದಾಗ ಜಪಾನಿಗೆ ಈಜಲ್ಲಿ ಸಿಕ್ಕಿದ್ದು ಒಂದೇ ಕಂಚು, ಅದೂ ಗಂಡಸರ ರಿಲೇಲಿ. ಒಂದು ಕಾಲದಲ್ಲಿ ಜಗತ್ತನ್ನೇ ಆಳಿದ್ದ ದೇಶಕ್ಕೆ ಇದು ತಡೆಯೋಕಾಗದ ಪೆಟ್ಟು. ಆ ಒಲಿಂಪಿಕ್ಸಲ್ಲಿ ಜಪಾನ್ ಪರ ಈಜಿದ್ದ ತಡಹರು ಗೋಟೊ ಅನ್ನೋರು ಮುಂದೆ ಸೆಂಟ್ರಲ್ ಸ್ಪೋರ್ಟ್ಸ್ ಕ್ಲಬ್ ಶುರು ಮಾಡಿದ್ರು, ಚಿಕ್ಕ ಮಕ್ಕಳಿಂದ ಹಿಡಿದು ವರ್ಷವಿಡೀ ಒಳಾಂಗಣ ಪೂಲಲ್ಲಿ ತರಬೇತಿ ಕೊಟ್ಟು ಒಲಿಂಪಿಕ್ ಚಾಂಪಿಯನ್ ತಯಾರು ಮಾಡ್ಬೇಕು ಅನ್ನೋ ಛಲದಿಂದ. ಅಲ್ಲಿನ ಕೋಚ್ ಯೋಜಿ ಸುಜುಕಿ, ಅವರ ಕೈಯಲ್ಲಿ ಪಳಗಿದ ಹುಡುಗ ಡೈಚಿ. ಓದಿದ್ದು ಫುನಬಾಶಿ ನಗರದ ಹೈಸ್ಕೂಲು, ಆಮೇಲೆ ಜುಂಟೆಂಡೊ ಯೂನಿವರ್ಸಿಟಿ. ಸಿಯೋಲಿಗೆ ಹೋದಾಗ ಅಲ್ಲಿನ ಸ್ಟೂಡೆಂಟು.

## ಸಿಯೋಲ್ ರೇಸಿನ ಬಗ್ಗೆ

ಆವತ್ತು ಫೈನಲಲ್ಲಿ ಏನಾಯ್ತು, ಸ್ವಲ್ಪ ಪೂರ್ತಿ ಹೇಳಿ

1988ರ ಸೆಪ್ಟೆಂಬರ್ 24, ಜಾಮ್ಸಿಲ್ ಒಳಾಂಗಣ ಈಜುಕೊಳ. ಹೀಟ್ಸ್, ಅಂದ್ರೆ ಫೈನಲಿಗೆ ಯಾರು ಅಂತ ಆರಿಸೋ ಸುತ್ತು, ಮತ್ತೆ ಫೈನಲ್ ಎರಡೂ ಒಂದೇ ದಿನ. ಹೀಟ್ಸಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ 54.51 ಸೆಕೆಂಡಲ್ಲಿ ಮುಗಿಸಿ ವರ್ಲ್ಡ್ ರೆಕಾರ್ಡ್ ಮಾಡಿಬಿಟ್ರು. ಸೋವಿಯತ್ ಯೂನಿಯನ್ನಿನ ಇಗೋರ್ ಪೊಲ್ಯಾನ್ಸ್ಕಿ ಅದೇ ವರ್ಷ 55.00 ಈಜಿ ರೆಕಾರ್ಡ್ ಇಟ್ಕೊಂಡಿದ್ದೋರು, ಬರ್ಕಾಫ್ ಬಂದು ಅದನ್ನ ಮುರಿದಿದ್ರು. ಇವರಿಬ್ಬರ ಮಧ್ಯೆ ಚಿನ್ನ ಅಂತಾನೇ ಎಲ್ಲರ ಲೆಕ್ಕ. ಸುಜುಕಿ ಹೀಟ್ಸ್ ಟೈಮ್ 55.90, ಮೂರನೇ ಜಾಗ. ಅಂದ್ರೆ ಬರ್ಕಾಫ್‌ಗಿಂತ 1.39 ಸೆಕೆಂಡ್ ಹಿಂದೆ, ದೂರದಲ್ಲಿ ಹೇಳೋದಾದ್ರೆ ಎರಡೂವರೆ ಮೀಟರ್. 100 ಮೀಟರ್ ರೇಸಲ್ಲಿ ಅದು ಕಣ್ಣಿಗೆ ಹೊಡೆದು ಕಾಣೋ ಅಂತರ.

ಸುಜುಕಿ ಯಾವಾಗ್ಲೂ ಸ್ಟಾರ್ಟ್ ಆದ್ಮೇಲೆ ನೀರೊಳಗೇ 21 ಕಿಕ್ ಹೊಡೆದು ಸುಮಾರು 25 ಮೀಟರಿಗೆ ಮೇಲೆ ಬರ್ತಿದ್ರು. ಫೈನಲಿಗೆ ಅದನ್ನ 27 ಮಾಡಿದ್ರು. ಆರು ಕಿಕ್ ಜಾಸ್ತಿ, ಐದು ಮೀಟರ್ ಜಾಸ್ತಿ, 50 ಮೀಟರ್ ಪೂಲಲ್ಲಿ 30 ಮೀಟರ್ ನೀರೊಳಗೇ. ಓದೋಕೆ ಆರೇ ಕಿಕ್ ಅನ್ಸತ್ತೆ. ಈಜಿದೋರಿಗೆ ಗೊತ್ತು ಅದರ ಬೆಲೆ. ಇಪ್ಪತ್ತನೇ ಕಿಕ್ ಹೊತ್ತಿಗೆ ಎದೆ ಬಿಗಿಯಾಗಿ ಹೊಟ್ಟೆಯೊಳಗಿಂದ ಮೇಲೆ ಹೋಗು ಮೇಲೆ ಹೋಗು ಅಂತ ಒತ್ತತಾ ಇರತ್ತೆ, ತೊಡೆ ಉರೀತಿರತ್ತೆ, ಇನ್ನೂ ಅರ್ಧ ರೇಸ್ ಕೂಡ ಆಗಿಲ್ಲ, ಆಗ ಇನ್ನೂ ಆರು ಅಂತ ಎಣಿಸೋದು. ತಪ್ಪಿದ್ರೆ ಕೊನೆ ಇಪ್ಪತ್ತು ಮೀಟರಲ್ಲಿ ಕೈ ಕಲ್ಲಾಗಿ ಕಂಚೂ ಹೋಗೋ ಅಪಾಯ ಇತ್ತು.

ಬರ್ಕಾಫ್ ಇನ್ನೂ ದೂರ ನೀರೊಳಗೇ ಹೋಗ್ತಿದ್ರು, ಸುಮಾರು 35 ಮೀಟರ್. ಮೇಲೆ ಬಂದಾಗ ಅವರೇ ಮುಂದೆ. ಆದ್ರೆ ಹೀಟ್ಸಲ್ಲಿ ಇದ್ದಷ್ಟು ಅಂತರ ಇರ್ಲಿಲ್ಲ, ಪಕ್ಕದ ಲೇನಲ್ಲೇ ಸುಜುಕಿ ಇದ್ರು. ಟರ್ನ್ ಆದ್ಮೇಲೂ ಬರ್ಕಾಫೇ ಮುಂದೆ. ಕೊನೆ ಹದಿನೈದು ಮೀಟರಲ್ಲಿ ಅವರ ಕೈ ಭಾರ ಆಗ್ತಾ ಬಂತು, ಒಂದು ಕಡೆಯಿಂದ ಸುಜುಕಿ, ಇನ್ನೊಂದು ಕಡೆಯಿಂದ ಪೊಲ್ಯಾನ್ಸ್ಕಿ ಹತ್ರ ಬಂದ್ರು. ಬಾವುಟ ದಾಟಿದಾಗ ಮೂವರೂ ಒಂದೇ ಸಾಲು ಅನ್ನೋ ಹಾಗಿತ್ತು. ಮೂವರಿಗೂ ಗೋಡೆ ಕಾಣ್ತಿಲ್ಲ, ಪಕ್ಕದೋರು ಎಲ್ಲಿದ್ದಾರೆ ಅಂತ ನೋಡೋ ಹಾಗೂ ಇಲ್ಲ. ಸುಜುಕಿ ಕೈ ಮೊದಲು ಮುಟ್ಟಿತು: 55.05. ಬರ್ಕಾಫ್ 55.18. ಪೊಲ್ಯಾನ್ಸ್ಕಿ 55.20.

ವಸಾಲೊ ಕಿಕ್ ಅಂದ್ರೇನು? ಜಪಾನಿನೋರು ಕಂಡುಹಿಡಿದಿದ್ದಾ?

ಇಲ್ಲ. ಸುಜುಕಿ ನೀರೊಳಗೆ ಹೊಡೀತಿದ್ದ ಕಿಕ್ಕೇ ಅದು. ಹೆಸರು ಬಂದಿರೋದು ಜೆಸ್ಸಿ ವಸಾಲೊ ಅವರಿಂದ, ಪೋರ್ಟೊ ರಿಕೊದಲ್ಲಿ ಹುಟ್ಟಿ ಅಮೆರಿಕ ಪರ ಈಜಿದೋರು, 1978ರ ಬರ್ಲಿನ್ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಮತ್ತೆ 400 ಮೀಟರ್ ಮೆಡ್ಲೆ (ನಾಲ್ಕೂ ಸ್ಟ್ರೋಕ್ ಈಜೋ ರೇಸ್) ಎರಡೂ ಗೆದ್ದಿದ್ರು. 1980ರ ಮಾಸ್ಕೋ ಒಲಿಂಪಿಕ್ಸನ್ನ ಅಮೆರಿಕ ಬಹಿಷ್ಕಾರ ಮಾಡಿದ್ರಿಂದ ಅವರ ಒಳ್ಳೆ ಕಾಲ ಹಾಗೇ ಹೋಯ್ತು, ಅದು ಬೇಜಾರಿನ ಕಥೆ. ಅವರು ಸ್ಟಾರ್ಟ್ ಆದ್ಮೇಲೆ ಅಂಗಾತವಾಗೇ ನೀರೊಳಗಿದ್ದು ಎರಡೂ ಕಾಲು ಜೋಡಿಸಿ ಡಾಲ್ಫಿನ್ ತರ ಕಿಕ್ ಹೊಡೀತಿದ್ರು. ಜಪಾನಲ್ಲಿ ಅದಕ್ಕೆ ಬಸಾರೊ ಅಂತ ಹೆಸರಾಯ್ತು, ಸುಜುಕಿ ಗೆದ್ದಮೇಲೆ ಈಜು ಬರದೇ ಇರೋರಿಗೂ ಆ ಪದ ಗೊತ್ತಾಯ್ತು. ಅಮೆರಿಕದೋರು ಬರ್ಕಾಫ್ ಮಾಡ್ತಿದ್ದ ಉದ್ದದ ಆವೃತ್ತಿಗೆ ಬರ್ಕಾಫ್ ಬ್ಲಾಸ್ಟಾಫ್ ಅಂತ ಕರೀತಿದ್ರು.

ಮಾಡೋ ರೀತಿ ಹೀಗೆ: ಕೈ ಎರಡೂ ತಲೆ ಮೇಲೆ ಚಾಚಿ, ಒಂದು ಅಂಗೈ ಮೇಲೆ ಇನ್ನೊಂದು, ತೋಳು ಕಿವಿಗೆ ಒತ್ತಿರ್ಬೇಕು. ಅಲೆ ಶುರುವಾಗೋದು ಎದೆ ಕೆಳಗಿಂದ, ಸೊಂಟಕ್ಕೆ ಬಂದು, ಮಂಡಿ ಸ್ವಲ್ಪ ಮಡಚಿ, ಪಾದದಲ್ಲಿ ಚಾಟಿ ಬೀಸಿದ ಹಾಗೆ ಮುಗೀಬೇಕು. ಮಂಡಿಯಿಂದ ಮಾತ್ರ ಒದ್ರೆ ಬ್ರೇಕ್ ಹಾಕ್ದಂಗಾಗತ್ತೆ.

ನೀರೊಳಗೆ ಹೋದ್ರೆ ಸ್ಪೀಡ್ ಹೇಗೆ ಜಾಸ್ತಿ ಆಗತ್ತೆ? ನೀರು ಇನ್ನೂ ಜಾಸ್ತಿ ತಡೀಬೇಕಲ್ವಾ?

ನೀರಿನ ಮೇಲ್ಮೈಯಲ್ಲಿ ಈಜೋವಾಗ ಮೈ ಮುಂದೆ ಅಲೆ ಏಳತ್ತೆ, ದೋಣಿ ಮುಂದೆ ಏಳೋ ಹಾಗೆ. ಆ ಅಲೆ ಎಬ್ಬಿಸೋಕೆ ನಮ್ಮ ಶಕ್ತಿನೇ ಖರ್ಚಾಗತ್ತೆ, ಸ್ಪೀಡ್ ಜಾಸ್ತಿ ಆದಷ್ಟೂ ಆ ಖರ್ಚು ಸಿಕ್ಕಾಪಟ್ಟೆ ಏರತ್ತೆ. ಅರ್ಧ ಮೀಟರಿಗಿಂತ ಸ್ವಲ್ಪ ಕೆಳಗೆ ಹೋದ್ರೆ ಅಲೆ ಏಳೋದು ತುಂಬಾ ಕಮ್ಮಿ ಆಗತ್ತೆ. ಜೊತೆಗೆ ಗೋಡೆ ಒದ್ದು ಹೊರಟಾಗ ಸಿಗೋ ಸ್ಪೀಡು ಇಡೀ ರೇಸಲ್ಲೇ ಅತಿ ಹೆಚ್ಚು, ಮೈ ಬಾಣದ ತರ ನೆಟ್ಟಗಿದ್ರೆ ಆ ಸ್ಪೀಡ್ ಸ್ವಲ್ಪ ಹೊತ್ತು ಉಳಿಯತ್ತೆ.

ಆದ್ರೆ ಇದು ಪುಕ್ಕಟೆ ಅಲ್ಲ. ಡಾಲ್ಫಿನ್ ಕಿಕ್ಕಿಗೆ ತೊಡೆ, ಸೊಂಟ, ಹೊಟ್ಟೆ ಎಲ್ಲ ದೊಡ್ಡ ಸ್ನಾಯುಗಳೇ ಕೆಲಸ ಮಾಡ್ಬೇಕು, ದೊಡ್ಡ ಸ್ನಾಯು ಅಂದ್ರೆ ಆಕ್ಸಿಜನ್ ಜಾಸ್ತಿ ಬೇಕು, ಆಗಲೇ ಉಸಿರು ಕಟ್ಟಿರ್ತೀವಿ. ಈ ಸಾಲ ಆವಾಗ್ಲೇ ಗೊತ್ತಾಗಲ್ಲ, ಕೊನೇ ಲ್ಯಾಪಲ್ಲಿ ಬಡ್ಡಿ ಸಮೇತ ಕೇಳತ್ತೆ.

0.13 ಸೆಕೆಂಡ್ ಅಂದ್ರೆ ಲಕ್ ತಾನೇ? ಬರ್ಕಾಫೇ ಫಾಸ್ಟ್ ಅಲ್ವಾ?

ಬರ್ಕಾಫ್ ಫಾಸ್ಟ್ ಅನ್ನೋದ್ರಲ್ಲಿ ಡೌಟೇ ಇಲ್ಲ. ಆ ದಿನ ಹೀಟ್ಸಲ್ಲಿ 54.51, ಆಮೇಲೆ ಮೆಡ್ಲೆ ರಿಲೇಲಿ ಮೊದಲ ಲೆಗ್ (ಅದೂ 100 ಮೀಟರ್ ಬ್ಯಾಕ್‌ಸ್ಟ್ರೋಕೇ) 54.56. ಎರಡೂ ಸುಜುಕಿಯ 55.05ಗಿಂತ ಚೆನ್ನಾಗಿವೆ. ಪೊಲ್ಯಾನ್ಸ್ಕಿ ಕೂಡ 55.00 ಈಜಿದೋರು, ಸಿಯೋಲಲ್ಲೇ 200 ಮೀಟರ್ ಚಿನ್ನ ಗೆದ್ದೋರು. ಗಡಿಯಾರ ಮಾತ್ರ ನೋಡಿದ್ರೆ ಸುಜುಕಿ ಮೂರನೆಯವರು.

ಆದ್ರೂ ಲಕ್ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆ ಸ್ಪೀಡಲ್ಲಿ 0.13 ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್ ಆಗತ್ತೆ, ನಮ್ಮ ಲೆಕ್ಕದಲ್ಲಿ ಒಂದು ಗೇಣು. ಆ ಗೇಣು ಎಲ್ಲಿಂದ ಬಂತು? ಹೀಟ್ಸಿಗೂ ಫೈನಲಿಗೂ ಮಧ್ಯೆ ಅವರು 0.85 ಸೆಕೆಂಡ್ ಕಮ್ಮಿ ಮಾಡಿದ್ರು. ಬರ್ಕಾಫ್ 0.67 ಸೆಕೆಂಡ್ ಕಳ್ಕೊಂಡ್ರು. ಬೆಸ್ಟನ್ನ ಹೀಟ್ಸಲ್ಲೇ ಖರ್ಚು ಮಾಡದೆ ಫೈನಲಿಗೆ ಇಟ್ಕೊಳ್ಳೋದು, ಪಕ್ಕದವನು ಎಷ್ಟೇ ಮುಂದಿದ್ರೂ ತನ್ನ ಸ್ಟ್ರೋಕ್ ಕೆಡದೆ ಇರೋದು, ಕುರುಡಾಗಿ ಬಂದು ಪೂರ್ತಿ ಚಾಚಿದ ಕೈಯಲ್ಲಿ ಪ್ಯಾಡ್ ಮುಟ್ಟೋದು, ಇವೆಲ್ಲ ಕಲಿತಿದ್ದು. ಎಲ್ಲಕ್ಕಿಂತ ಮುಖ್ಯವಾಗಿ 27 ಅನ್ನೋ ಸಂಖ್ಯೆ. 35 ಮೀಟರ್ ಹೋಗ್ತೀನಿ ಅಂತ ಬರ್ಕಾಫ್‌ನ ಕಾಪಿ ಹೊಡೆದಿದ್ರೆ ಸುಜುಕಿ ಖಂಡಿತ ಸತ್ತುಹೋಗಿರ್ತಿದ್ರು ಕೊನೇಲಿ. 21ಕ್ಕೇ ನಿಂತಿದ್ರೆ ಹಿಡಿಯೋಕಾಗದಷ್ಟು ದೂರ ಬಿಟ್ಕೊಡ್ತಿದ್ರು. ತನ್ನ ಉಸಿರು ಎಷ್ಟು ತಡೀತದೆ ಅಂತ ಅಷ್ಟು ಕರೆಕ್ಟಾಗಿ ಗೊತ್ತಿರೋದಕ್ಕೆ ವರ್ಷಗಳು ಬೇಕು, ನನ್ನ ಪ್ರಕಾರ ಅವರ ಇಡೀ ಕರಿಯರ್ ಆ ಒಂದು ತಿಳುವಳಿಕೆಗೇ ಸೇರಿದ್ದು.

ಜಪಾನಿಗೆ ಆ ಚಿನ್ನ ಅಷ್ಟು ದೊಡ್ಡದಾಗಿದ್ದು ಯಾಕೆ?

1932ರ ಲಾಸ್ ಏಂಜಲೀಸಲ್ಲಿ ಜಪಾನ್ ಗಂಡಸರು ಆರು ಈಜು ಸ್ಪರ್ಧೇಲಿ ಐದು ಗೆದ್ದಿದ್ರು. 100 ಮೀಟರ್ ಬ್ಯಾಕ್‌ಸ್ಟ್ರೋಕಲ್ಲಂತೂ ಮೂರೂ ಮೆಡಲ್ ಅವರದ್ದೇ, ಮಸಾಜಿ ಕಿಯೊಕಾವಾ ಚಿನ್ನ, ತೊಶಿಯೊ ಇರಿಯೆ ಬೆಳ್ಳಿ, ಕೆಂಟಾರೊ ಕವತ್ಸು ಕಂಚು. ಅದಾದ್ಮೇಲೆ ಬ್ಯಾಕ್‌ಸ್ಟ್ರೋಕ್ ಚಿನ್ನ ಬರೋಕೆ 56 ವರ್ಷ ಹಿಡೀತು.

ಒಟ್ಟಾರೆ ಈಜಲ್ಲೂ ಕೊನೆಯ ಚಿನ್ನ ಬಂದಿದ್ದು 1972ರ ಮ್ಯೂನಿಕ್, ನೊಬುತಾಕಾ ತಗುಚಿ ಮತ್ತೆ ಮಯುಮಿ ಅಓಕಿ ಅವರದ್ದು. 1976ರಲ್ಲಿ ಇಲ್ಲ, 1980ಕ್ಕೆ ಜಪಾನೂ ಮಾಸ್ಕೋಗೆ ಹೋಗ್ಲಿಲ್ಲ, 1984ರಲ್ಲೂ ಇಲ್ಲ. ಹದಿನಾರು ವರ್ಷದ ಬರ. ಸಿಯೋಲಲ್ಲಿ ಇಡೀ ಜಪಾನಿಗೆ ಸಿಕ್ಕಿದ್ದೇ ನಾಲ್ಕು ಚಿನ್ನ, ಕುಸ್ತಿಯಲ್ಲಿ ಎರಡು, ಜೂಡೊದಲ್ಲಿ ಒಂದು, ಸುಜುಕಿಯದ್ದು ಒಂದು.

ಇನ್ನೊಂದು ವಿಷ್ಯ ಇದೆ. ಆ ಸೆಪ್ಟೆಂಬರ್ 19ಕ್ಕೆ ಚಕ್ರವರ್ತಿ ಹಿರೊಹಿಟೊ ತೀವ್ರ ಅಸ್ವಸ್ಥರಾದ್ರು, ದೇಶ ಪೂರ್ತಿ ಮಂಕಾಗಿತ್ತು, ಹಬ್ಬ ಜಾತ್ರೆ ಎಲ್ಲ ರದ್ದು ಮಾಡ್ತಿದ್ರು. ಐದೇ ದಿನಕ್ಕೆ ಬಂದ ಸುದ್ದಿ ಇದು. ಜಗತ್ತಿನ ಪೇಪರುಗಳಲ್ಲಿ ಮಾತ್ರ ಇದಕ್ಕೆ ಜಾಗ ಕಮ್ಮಿ, ಯಾಕಂದ್ರೆ ಅದೇ ದಿನ ಅದೇ ಊರಲ್ಲಿ ಬೆನ್ ಜಾನ್ಸನ್ 100 ಮೀಟರ್ ಓಟ 9.79ಕ್ಕೆ ಓಡಿದ್ದು. ಮೂರು ದಿನದಲ್ಲಿ ಅವರ ಚಿನ್ನ ಡೋಪಿಂಗಲ್ಲಿ ವಾಪಸ್ ಹೋಯ್ತು.

## ರೂಲ್ಸು, ನಿವೃತ್ತಿ, ಆಮೇಲಿನ ಕೆಲಸ

ಆಮೇಲೆ ರೂಲೇ ಚೇಂಜ್ ಮಾಡಿದ್ರಂತಲ್ಲ, ಹಾಗಿದ್ರೆ ಅವರು ಗೆದ್ದಿದ್ದು ಒಂಥರಾ ಮೋಸ ಅಲ್ವಾ?

ಮೋಸ ಅಲ್ಲ. ಆಗಿನ ರೂಲಲ್ಲಿ ನೀರೊಳಗೆ ಎಷ್ಟು ದೂರ ಹೋಗ್ಬಹುದು ಅನ್ನೋದಕ್ಕೆ ಮಿತಿನೇ ಇರ್ಲಿಲ್ಲ, ಅಂಗಾತ ಇದ್ರೆ ಸಾಕಾಗಿತ್ತು. ಎಂಟೂ ಲೇನಿಗೆ ಒಂದೇ ರೂಲು. ಬರ್ಕಾಫ್ ಸುಜುಕಿಗಿಂತ ಜಾಸ್ತಿ ದೂರ ಹೋಗಿ ಎರಡನೆಯವರಾದ್ರಲ್ಲ, ನೀರೊಳಗಿದ್ದ ಮಾತ್ರಕ್ಕೆ ಗೆಲ್ಲೋಕಾಗಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಒಲಿಂಪಿಕ್ಸ್ ಮುಗಿದು ಸ್ವಲ್ಪ ಕಾಲಕ್ಕೇ ಅಂತಾರಾಷ್ಟ್ರೀಯ ಈಜು ಸಂಸ್ಥೆ ಬ್ಯಾಕ್‌ಸ್ಟ್ರೋಕಲ್ಲಿ ನೀರೊಳಗಿನ ದೂರ 10 ಮೀಟರಿಗೆ ಇಳಿಸ್ತು. 1991ರಲ್ಲಿ ಅದು 15 ಮೀಟರ್ ಆಯ್ತು, ಇವತ್ತಿಗೂ ಅದೇ. ಲೇನ್ ಹಗ್ಗದಲ್ಲಿ 15 ಮೀಟರ್ ಹತ್ರ ಬೇರೆ ಬಣ್ಣದ ಗುರುತು ಇರತ್ತಲ್ಲ, ಅದು ಇದಕ್ಕೇ, ಅಷ್ಟರೊಳಗೆ ತಲೆ ಮೇಲೆ ಬರ್ಬೇಕು. ಆಮೇಲೆ ಬಟರ್‌ಫ್ಲೈಗೂ 1998ರಲ್ಲಿ ಅದೇ ಮಿತಿ ಬಂತು.

ರೂಲ್ ಬೇಕಿತ್ತು ಅಂತ ನನಗೂ ಅನ್ಸತ್ತೆ. ಅರ್ಧಕ್ಕಿಂತ ಹೆಚ್ಚು ದೂರ ಕೈಯೇ ಆಡಿಸದೆ ಈಜಿದ್ರೆ ಅದನ್ನ ಬ್ಯಾಕ್‌ಸ್ಟ್ರೋಕ್ ಅನ್ನೋದು ಕಷ್ಟ, ಅದಕ್ಕಿಂತ ಹೆಚ್ಚಾಗಿ ಹನ್ನೆರಡು ವರ್ಷದ ಮಕ್ಕಳು ಇದನ್ನ ನೋಡಿ ಉಸಿರು ಕಟ್ಟೋ ಪೈಪೋಟಿಗೆ ಬಿದ್ರೆ ಏನು ಗತಿ. ಆದ್ರೆ ರೂಲ್ ಆಮೇಲೆ ಬಂತು ಅನ್ನೋ ಕಾರಣಕ್ಕೆ ಮುಂಚೆ ಗೆದ್ದದ್ದು ಕಮ್ಮಿ ಆಗಲ್ಲ.

ಟರ್ನಿನ ರೂಲೂ 1991ರಲ್ಲೇ ಸಡಿಲ ಆಗಿದ್ದು. ಸುಜುಕಿ ಕಾಲದಲ್ಲಿ ಅಂಗಾತ ಇದ್ದಹಾಗೇ ಕೈಯಲ್ಲಿ ಗೋಡೆ ಮುಟ್ಟಿ ಆಮೇಲೆ ತಿರುಗ್ಬೇಕಿತ್ತು. ಈಗ ಬೋರಲಾಗಿ ಲಾಗ ಹಾಕಿ ಕಾಲಲ್ಲಿ ಮುಟ್ಟಿದ್ರೆ ಆಯ್ತು. ಸ್ಟಾರ್ಟಿಗೆ ಕಾಲು ಜಾರದಂತೆ ಒಂದು ಪಟ್ಟಿನೂ ಬಂದಿದೆ. ಹಳೇ ಟೈಮನ್ನ ಹೊಸ ಟೈಮಿನ ಜೊತೆ ಹೋಲಿಸೋವಾಗ ಇದೆಲ್ಲ ಲೆಕ್ಕಕ್ಕೆ ಬರ್ಬೇಕು.

ಚಿನ್ನ ಗೆದ್ದ ಮೇಲೆ ಎಷ್ಟು ವರ್ಷ ಈಜಿದ್ರು?

1992ರ ತನಕ. ಬಾರ್ಸಿಲೋನಾ ಒಲಿಂಪಿಕ್ಸ್ ಟೀಮಿಗೆ ಆಯ್ಕೆ ಆಗ್ಲಿಲ್ಲ, ಅಲ್ಲಿಗೇ ನಿಲ್ಲಿಸಿದ್ರು, ಆಗ 25 ವರ್ಷ. ತನ್ನ ಅತಿ ದೊಡ್ಡ ಅಸ್ತ್ರವನ್ನೇ ರೂಲ್ ಕಿತ್ಕೊಂಡ್ಮೇಲೂ ನಾಲ್ಕು ವರ್ಷ ಪ್ರಯತ್ನ ಬಿಡ್ಲಿಲ್ಲ ಅನ್ನೋದು ನನಗೆ ಚಿನ್ನದಷ್ಟೇ ದೊಡ್ಡದಾಗಿ ಕಾಣತ್ತೆ.

ರಿಟೈರ್ ಆದ್ಮೇಲೆ ಏನ್ ಮಾಡಿದ್ರು? ಕೋಚ್ ಆದ್ರಾ?

ಕೋಚೂ ಆದ್ರು, ಮೇಷ್ಟ್ರೂ ಆದ್ರು, ಸರ್ಕಾರದ ದೊಡ್ಡ ಹುದ್ದೇಲೂ ಕೂತ್ರು. ಮೊದಲು ಜುಂಟೆಂಡೊದಲ್ಲೇ ಮುಂದಿನ ಓದು, ಆಮೇಲೆ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಯೂನಿವರ್ಸಿಟಿ ಈಜು ತಂಡದ ಗೆಸ್ಟ್ ಕೋಚ್ ಆಗಿದ್ರು. ಹಾರ್ವರ್ಡ್ ಅಂದ್ರೆ ಬರ್ಕಾಫ್ ಓದಿ ಈಜಿದ ಕಾಲೇಜು, ಇದು ಗೊತ್ತಾದಾಗ ನನಗೆ ತುಂಬಾ ಖುಷಿ ಆಗಿತ್ತು. 2007ರಲ್ಲಿ ಜುಂಟೆಂಡೊದಿಂದ ವೈದ್ಯಕೀಯ ವಿಷಯದಲ್ಲಿ ಡಾಕ್ಟರೇಟ್, ಅಲ್ಲೇ ಪಾಠ ಮಾಡ್ತಾ ಈಜು ತಂಡ ನೋಡ್ಕೊಳ್ತಾ 2013ರಲ್ಲಿ ಪ್ರೊಫೆಸರ್ ಆದ್ರು. ಅದೇ ವರ್ಷ ಜಪಾನ್ ಈಜು ಫೆಡರೇಶನ್ ಅಧ್ಯಕ್ಷ.

2015ರ ಅಕ್ಟೋಬರ್ 1ಕ್ಕೆ ಜಪಾನ್ ಸರ್ಕಾರ ಕ್ರೀಡೆಗೇ ಅಂತ ಒಂದು ಪ್ರತ್ಯೇಕ ಏಜೆನ್ಸಿ ಶುರು ಮಾಡ್ತು, ಅದರ ಮೊದಲ ಮುಖ್ಯಸ್ಥರು ಇವರೇ. ಐದು ವರ್ಷ ಇದ್ರು. ಮೆಡಲ್ ವಿಷಯ ಒಂದೇ ಅಲ್ಲ, ಆಫೀಸಿಗೆ ಹೋಗೋ ಜನ ಸ್ನೀಕರ್ ಹಾಕ್ಕೊಂಡು ದಿನಾ ಇನ್ನೂ ಸ್ವಲ್ಪ ಜಾಸ್ತಿ ನಡೀಲಿ ಅನ್ನೋ ಅಭಿಯಾನವನ್ನೂ ಆ ಏಜೆನ್ಸಿ ನಡೆಸ್ತು. ಟೋಕಿಯೊ ಒಲಿಂಪಿಕ್ಸ್ 2020ಕ್ಕೆ ನಡೆದಿದ್ರೆ ಅವರೇ ಆ ಕುರ್ಚೀಲಿ ಇರ್ತಿದ್ರು, ಕೋವಿಡ್ಡಿಂದ ಅದು ಒಂದು ವರ್ಷ ಮುಂದೆ ಹೋಯ್ತು, ಇವರ ಅವಧಿ 2020ರ ಸೆಪ್ಟೆಂಬರಿಗೇ ಮುಗೀತು. ಆ ಜಾಗಕ್ಕೆ ಬಂದಿದ್ದು ಹ್ಯಾಮರ್ ಥ್ರೋದಲ್ಲಿ 2004ರ ಅಥೆನ್ಸ್ ಚಿನ್ನ ಗೆದ್ದ ಕೊಜಿ ಮುರೊಫುಶಿ. ಸುಜುಕಿ 2021ರಲ್ಲಿ ಮತ್ತೆ ಈಜು ಫೆಡರೇಶನ್ ಅಧ್ಯಕ್ಷರಾದ್ರು.

ಅವರಾದ್ಮೇಲೆ ಜಪಾನಲ್ಲಿ ಬ್ಯಾಕ್‌ಸ್ಟ್ರೋಕ್ ಚಿನ್ನ ಯಾರಿಗೂ ಬಂದಿಲ್ವಾ?

ಒಲಿಂಪಿಕ್ಸಲ್ಲಿ ಬಂದಿಲ್ಲ. ಬೆಳ್ಳಿ ಕಂಚು ಮಾತ್ರ ಸಾಲುಸಾಲಾಗಿ ಬಂದಿವೆ. 2000ದ ಸಿಡ್ನಿಯಲ್ಲಿ ಮಾಯಿ ನಕಮುರಾ 100 ಮೀಟರ್ ಬೆಳ್ಳಿ, ಮಿಕಿ ನಕಾಒ 200 ಮೀಟರ್ ಕಂಚು. 2004ರಲ್ಲಿ ತೊಮೊಮಿ ಮೊರಿಟಾ, ರೇಕೊ ನಕಮುರಾ ಇಬ್ಬರಿಗೂ ಕಂಚು, ರೇಕೊ 2008ರಲ್ಲೂ ಕಂಚು ತಂದ್ರು. 2012ರ ಲಂಡನಲ್ಲಿ ಆಯಾ ತೆರಕಾವಾ ಕಂಚು.

ಅದೇ ಲಂಡನಲ್ಲಿ ರ್‍ಯೊಸುಕೆ ಇರಿಯೆ 100 ಮೀಟರ್ ಕಂಚು, 200 ಮೀಟರ್ ಬೆಳ್ಳಿ, ಮೆಡ್ಲೆ ರಿಲೇ ಬೆಳ್ಳಿ, ಹೀಗೆ ಮೂರು ಮೆಡಲ್ ತಂದ್ರು. ನೋಡೋಕೆ ಅಷ್ಟು ಚಂದದ ಬ್ಯಾಕ್‌ಸ್ಟ್ರೋಕ್ ನಾನು ಇನ್ನೊಬ್ಬರಲ್ಲಿ ನೋಡಿಲ್ಲ, ಹಣೆ ಅಲುಗಾಡಲ್ಲ, ತಲೆ ತೊಟ್ಟಿಲಲ್ಲಿ ಇಟ್ಟಹಾಗೆ ಇರತ್ತೆ. ನಾಲ್ಕು ಒಲಿಂಪಿಕ್ಸ್ ಈಜಿ, 2024ರಲ್ಲಿ ಪ್ಯಾರಿಸಿಗೆ ಆಯ್ಕೆ ಆಗದೆ ನಿವೃತ್ತಿ ಆದ್ರು. ಮಕ್ಕಳಿಗೆ ಸ್ಟ್ರೋಕ್ ತೋರಿಸ್ಬೇಕು ಅಂದ್ರೆ ಇರಿಯೆ ವಿಡಿಯೋ ಹಾಕ್ತೀನಿ, ರೇಸ್ ಅಂದ್ರೇನು ಅಂತ ತೋರಿಸೋಕೆ ಸುಜುಕಿ ವಿಡಿಯೋ.

ಈಗಿನ ಟೈಮಿಂಗ್ ಮುಂದೆ 55.05 ಏನೂ ಅಲ್ವಲ್ಲ ಸಾರ್? ನಮ್ಮ ಶ್ರೀಹರಿನೇ ಅದಕ್ಕಿಂತ ಫಾಸ್ಟು

ನಂಬರ್ ಮಾತ್ರ ನೋಡಿದ್ರೆ ಹೌದು. ಇಟಲಿಯ ಥಾಮಸ್ ಚೆಕ್ಕೊನ್ 2022ರಲ್ಲಿ 51.60 ಈಜಿದ್ರು. ಇರಿಯೆ 2009ರಲ್ಲೇ 52.24 ಮಾಡಿದ್ರು. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮಲ್ಲಿ 53.77 ಈಜಿ ಟೋಕಿಯೊ ಒಲಿಂಪಿಕ್ಸಿಗೆ ನೇರ ಅರ್ಹತೆ ತಗೊಂಡ್ರು, ಅದು ನಮ್ಮ ರಾಜ್ಯಕ್ಕೆ ಎಷ್ಟು ದೊಡ್ಡ ದಿನ ಅಂತ ನಾನು ಹೇಳ್ಬೇಕಾಗಿಲ್ಲ. ಮೂರು ವರ್ಷ ಆದ್ಮೇಲೆ ಪ್ಯಾರಿಸಲ್ಲಿ ಅವರ ಹೀಟ್ ಟೈಮ್ 55.01. ಸುಜುಕಿ ಚಿನ್ನಕ್ಕಿಂತ 0.04 ಸೆಕೆಂಡ್ ಕಮ್ಮಿ, ಆದ್ರೆ ಸೆಮಿಫೈನಲಿಗೆ ಅದು ಸಾಕಾಗ್ಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ದೊಡ್ಡೋರು ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ. 1932ರಲ್ಲಿ ಕಿಯೊಕಾವಾ ಗೆದ್ದ ಟೈಮ್ 1 ನಿಮಿಷ 8.6 ಸೆಕೆಂಡ್, ಈಗ ನಮ್ಮ ಜಿಲ್ಲಾ ಮಟ್ಟದ ಒಳ್ಳೆ ಹುಡುಗರೂ ಅದನ್ನ ದಾಟ್ತಾರೆ. ಟರ್ನ್ ಬದಲಾಗಿದೆ, ಪೂಲು ಬದಲಾಗಿದೆ, ಸೂಟು ಬದಲಾಗಿದೆ, ಕ್ಯಾಮೆರಾ ಇಟ್ಟು ಒಂದೊಂದು ಕಿಕ್ ಅಳೆಯೋ ಕಾಲ ಇದು. ಇವತ್ತು ಎಲ್ಲ ಬ್ಯಾಕ್‌ಸ್ಟ್ರೋಕ್ ಈಜುಗಾರರೂ ಪ್ರತಿ ಗೋಡೆಯಿಂದ 15 ಮೀಟರಿನ ತನಕ ಹೊಡೆಯೋ ಡಾಲ್ಫಿನ್ ಕಿಕ್ಕಿನ ಹಿಂದೆ ವಸಾಲೊ, ಬರ್ಕಾಫ್, ಸುಜುಕಿ ಮೂವರೂ ಇದಾರೆ, ಶ್ರೀಹರಿ ಹೊಡೆಯೋ ಕಿಕ್ಕಲ್ಲೂ.

ನನ್ನ ಮಗಳಿಗೆ ಹತ್ತು ವರ್ಷ, ಸುಜುಕಿ ವಿಡಿಯೋ ನೋಡಿ ನಾನೂ 27 ಕಿಕ್ ಹೊಡೀತೀನಿ ಅಂತಿದಾಳೆ. ಬಿಡ್ಬಹುದಾ?

ಬಿಡ್ಬೇಡಿ. ಈ ಪ್ರಶ್ನೆ ಬಂದಾಗೆಲ್ಲ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀರೊಳಗೆ ಉಸಿರು ಕಟ್ಟೋ ಪಂದ್ಯ ಮಕ್ಕಳ ಪ್ರಾಣಕ್ಕೇ ಅಪಾಯ. ಮುಖ್ಯವಾಗಿ ಮುಳುಗೋ ಮುಂಚೆ ಜೋರಾಗಿ ಬೇಗಬೇಗ ಉಸಿರಾಡೋ ಅಭ್ಯಾಸ ಇದ್ರೆ ನಿಲ್ಲಿಸಿ. ಹಾಗೆ ಮಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯತ್ತೆ, ಉಸಿರು ಬೇಕು ಅಂತ ಎದೆ ಒತ್ತೋದೇ ಅದರಿಂದ, ಆ ಎಚ್ಚರಿಕೆ ಬರೋ ಮುಂಚೆನೇ ಆಕ್ಸಿಜನ್ ಖಾಲಿಯಾಗಿ ಪ್ರಜ್ಞೆ ತಪ್ಪತ್ತೆ, ಸದ್ದೇ ಆಗಲ್ಲ, ಮೇಲಿಂದ ನೋಡೋರಿಗೆ ಮಗು ಇನ್ನೂ ಈಜ್ತಿದೆ ಅನ್ನಿಸತ್ತೆ.

ಕಿಕ್ ಮಾತ್ರ ಖಂಡಿತ ಕಲಿಸಿ. ನಾನು ಮಕ್ಕಳಿಗೆ ನಾಲ್ಕು ಕಿಕ್ಕಿಂದ ಶುರು ಮಾಡ್ತೀನಿ, ನಾಲ್ಕೂ ಒಂದೇ ತರ ಬರೋ ತನಕ ಐದಕ್ಕೆ ಹೋಗೋದಿಲ್ಲ. ಮೂಗಿಂದ ಸಣ್ಣಗೆ ಗುಳ್ಳೆ ಬಿಡ್ತಾ ಇರ್ಬೇಕು, ಇಲ್ದಿದ್ರೆ ಅಂಗಾತ ಇರೋದ್ರಿಂದ ಮೂಗಿಗೆ ನೀರು ನುಗ್ಗತ್ತೆ. ಪಕ್ಕದಲ್ಲಿ ಒಬ್ಬರು ನೀರಲ್ಲೇ ನಿಂತು ನೋಡ್ತಿರ್ಬೇಕು, ಫೋನ್ ಹಿಡ್ಕೊಂಡು ದಡದಲ್ಲಿ ಕೂತ್ರೆ ಆಗಲ್ಲ. ಎರಡು ಸುತ್ತಿನ ಮಧ್ಯೆ ಉಸಿರು ಪೂರ್ತಿ ಸರಿಯಾಗೋ ತನಕ ಗೋಡೆ ಹಿಡ್ಕೊಂಡು ನಿಲ್ಲಿಸಿ. ಎಷ್ಟು ಕಿಕ್ ಆಯ್ತು ಅಂತ ಅವಳೇ ಎಣಿಸಿ ಹೇಳ್ಲಿ, ನೀವು ಹೇಳ್ಬೇಡಿ.